ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ ಅಂದಿದ್ದರು

ನನ್ನ ಫೋನ್ ಗ್ಯಾಲರಿಯಲ್ಲಿ ಒಂದು ಫೋಟೋ ಇದೆ. ನಾನು ಫಸ್ಟ್ ಇಯರ್‌ನಲ್ಲಿದ್ದಾಗ ದೀಪಾವಳಿ ರಜೆಗೆ ತುಮಕೂರಿಗೆ ಹೋಗಿದ್ದಾಗ ತೆಗೆದದ್ದು. ಅಕ್ಕನ ಮಗಳು ಪುಟ್ಟಿ ಸುರುಸುರುಬತ್ತಿ ನೋಡಿ ಬಾಯಿ ತುಂಬ ನಗುತ್ತಿದ್ದಾಳೆ. ಆಗ ಅವಳಿಗೆ ಒಂದು ವರ್ಷ ಐದು ತಿಂಗಳು. ಸ್ಟೇಟಸ್‌ಗೆ ಹಾಕಿದ್ದೆ, ಎಲ್ಲರೂ ಹಾರ್ಟ್ ಕಳಿಸಿದ್ದರು. ಈ ಜನವರಿಯಲ್ಲಿ ಅದೇ ಫೋಟೋವನ್ನು ಜೂಮ್ ಮಾಡಿ ನೋಡಿದೆ. ಮೇಲಿನ ಮುಂದಿನ ಹಲ್ಲುಗಳ ಮೇಲೆ, ವಸಡಿನ ಅಂಚಿಗೇ, ಸೀಮೆಸುಣ್ಣದಲ್ಲಿ ಎಳೆದಂಥ ಸಣ್ಣ ಬಿಳಿ ಗೆರೆ. ಫ್ಲ್ಯಾಶ್ ಬೆಳಕಿರಬೇಕು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಅದೇ ವಾರದ ಇನ್ನೂ ಮೂರು ಫೋಟೋಗಳಲ್ಲೂ ಅದೇ ಜಾಗದಲ್ಲಿ ಅದೇ ಗೆರೆ.

ಆ ಗೆರೆ ಏನು ಅಂತ ನಮ್ಮ ಮನೆಯಲ್ಲಿ ಒಬ್ಬರಿಗಾದರೂ ಆಗಲೇ ಗೊತ್ತಿದ್ದಿದ್ದರೆ, ಬಹುಶಃ ಪುಟ್ಟಿ ಈ ಜನವರಿಯಲ್ಲಿ ಹೊಟ್ಟೆಗೆ ಹಾಲೂ ಇಲ್ಲದೆ ಆಪರೇಷನ್ ಥಿಯೇಟರ್ ಹೊರಗೆ ಅಳುತ್ತಾ ಕೂರಬೇಕಾಗಿರಲಿಲ್ಲ.

ಇಂಜಿನಿಯರಿಂಗ್ ಕಾಲೇಜಿನ ಮ್ಯಾಗಜೀನ್‌ನಲ್ಲಿ ಮಗು ಹಲ್ಲಿನ ಕಥೆ ಯಾಕಪ್ಪಾ ಅಂತ ನೀವು ಕೇಳಬಹುದು. ಎರಡು ಕಾರಣ. ಒಂದು, ನಮ್ಮಲ್ಲಿ ಎಷ್ಟೋ ಜನ ಈಗಾಗಲೇ ಮಾಮ, ಚಿಕ್ಕಪ್ಪ, ಅತ್ತೆ, ಚಿಕ್ಕಮ್ಮ ಆಗಿದ್ದೀವಿ. ರಜೆಗೆ ಮನೆಗೆ ಹೋದಾಗ ಮಗುವನ್ನು ಎತ್ತಿಕೊಳ್ಳೋ ಕೆಲಸ ನಮಗೇ ಬೀಳುತ್ತೆ. ಎರಡು, ಇದರ ಒಳಗೆ ನಡೆಯೋದೆಲ್ಲ ನಮಗೆ ಗೊತ್ತಿರೋ ವಿಷಯವೇ. ಕೆಮಿಸ್ಟ್ರಿ ಸೈಕಲ್‌ನಲ್ಲಿ ಕರೋಷನ್ ಚಾಪ್ಟರ್ ಬಾಯಿಪಾಠ ಮಾಡಿ ಬರೆದಿದ್ದೀವಲ್ಲ, ಅದು ಬಾಯಿಯೊಳಗೇ ನಡೆಯುತ್ತೆ ಅಂತ ನಂಗೆ ಹೊಳೆದಿರಲಿಲ್ಲ ಅಷ್ಟೇ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರೋದು ಇದೇ ಮೊದಲು. ಕಾಗುಣಿತ ತಪ್ಪಿದ್ದರೆ ಎಡಿಟರ್‌ನ ಬೈಯಿರಿ.

ಮೊದಲು ಒಂದು ಪದ. ಕನ್ನಡದಲ್ಲಿ ಕೆಟ್ಟ ಹಲ್ಲಿಗೆ ಹುಳುಕುಹಲ್ಲು ಅಂತೀವಿ. ಹುಳ ಅನ್ನೋದು ಆ ಪದದಲ್ಲೇ ಕೂತಿದೆ. ನಮ್ಮ ಅಜ್ಜಿಗೆ ಈಗಲೂ ಹಲ್ಲು ನೋವು ಅಂದರೆ "ಹುಳ ಬಿದ್ದದೆ" ಅಂತಲೇ. ಹಿಂದೆ ಜಾತ್ರೆಗಳಲ್ಲಿ ಯಾವುದೋ ಬೀಜದ ಹೊಗೆ ಕೊಟ್ಟು ಹಲ್ಲಿಂದ ಹುಳ ತೆಗೆದು ಕೈಗೆ ಕೊಡೋರು ಇರುತ್ತಿದ್ದರಂತೆ, ಅಜ್ಜಿ ಕಣ್ಣಾರೆ ನೋಡಿದ್ದಾರೆ. ನಗಬೇಡಿ, ಇದು ನಮ್ಮ ಹಳ್ಳಿಗಳ ನಂಬಿಕೆ ಮಾತ್ರ ಅಲ್ಲ. ಬ್ಯಾಬಿಲೋನಿಯಾದಿಂದ ಹಿಡಿದು ಯುರೋಪಿನವರೆಗೆ ಜನ ಸಾವಿರಾರು ವರ್ಷ ಹಲ್ಲಿನ ಹುಳವನ್ನು ನಂಬಿದ್ದರು. 1728ರಲ್ಲಿ ಫ್ರಾನ್ಸಿನ ಪಿಯರ್ ಫೊಶಾರ್ ಅನ್ನೋ ದಂತವೈದ್ಯ ತನ್ನ ಪುಸ್ತಕದಲ್ಲಿ, ಎಷ್ಟು ಹುಡುಕಿದರೂ ಹುಳ ಕಾಣಲಿಲ್ಲ ಅನ್ನೋ ಅರ್ಥದಲ್ಲಿ ಬರೆದ. ಆಮೇಲೆ 1890ರಲ್ಲಿ, ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲೋಬಿ ಮಿಲ್ಲರ್ ನಿಜವಾದ ಕಾರಣ ಹೇಳಿದ. ಬಾಯಿಯಲ್ಲಿರೋ ಬ್ಯಾಕ್ಟೀರಿಯಾ ನಾವು ತಿಂದ ಸಕ್ಕರೆ, ಪಿಷ್ಟ ತಿಂದು ಆಸಿಡ್ ಬಿಡುತ್ತವೆ, ಆ ಆಸಿಡ್ ಹಲ್ಲನ್ನು ಕರಗಿಸುತ್ತೆ. 1924ರಲ್ಲಿ ಲಂಡನ್‌ನಲ್ಲಿ ಕ್ಲಾರ್ಕ್ ಅನ್ನೋರು ಹುಳುಕುಹಲ್ಲಿನಿಂದಲೇ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಅಂತ ಹೆಸರಿಟ್ಟರು. ಈ ಕೆಲಸ ಮಾಡೋದು ಅದೊಂದೇ ಅಲ್ಲ, ಆದರೆ ಮುಖ್ಯ ಆರೋಪಿಗಳಲ್ಲಿ ಅದೂ ಒಂದು. ಒಂಥರಾ ಅಜ್ಜಿ ಪೂರ್ತಿ ತಪ್ಪಲ್ಲ. ಹುಳ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೇ.

ಈ ಮ್ಯೂಟನ್ಸ್‌ಗೆ ನಮ್ಮ ಅಡುಗೆಮನೆ ಸಕ್ಕರೆ, ಅಂದರೆ ಸುಕ್ರೋಸ್, ಸಿಕ್ಕಿಬಿಟ್ಟರೆ ಹಬ್ಬ. ಸುಕ್ರೋಸ್‌ನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಜೋಡಿಯಾಗಿ ಕೂತಿರುತ್ತವೆ. ಮ್ಯೂಟನ್ಸ್ ಆ ಜೋಡಿ ಒಡೆದು ಗ್ಲೂಕೋಸ್‌ಗಳನ್ನು ಸರಪಳಿ ಥರ ಪೋಣಿಸಿ ಅಂಟು ಮಾಡುತ್ತೆ. ಆ ಅಂಟಿನಲ್ಲೇ ಹಲ್ಲಿಗೆ ಕಚ್ಚಿಕೊಂಡು ಮನೆ ಕಟ್ಟುತ್ತೆ, ಬೇರೆ ಬ್ಯಾಕ್ಟೀರಿಯಾಗಳಿಗೂ ಜಾಗ ಕೊಡುತ್ತೆ. ಉಳಿದ ಸಕ್ಕರೆಯಿಂದ ಲ್ಯಾಕ್ಟಿಕ್ ಆಸಿಡ್. ಬೆಳಗ್ಗೆ ಎದ್ದಾಗ ನಾಲಗೆಗೆ ಸಿಗೋ ಜಿಗುಟು ಪದರ ಇದೆಯಲ್ಲ, ಅದೇ ಆ ಮನೆ.

ಇನ್ನು ಹಲ್ಲು. ಹೊರಗಿನ ಎನಾಮಲ್ ತೂಕದಲ್ಲಿ ಸುಮಾರು 96 ಪರ್ಸೆಂಟ್ ಖನಿಜ, ಹೈಡ್ರಾಕ್ಸಿಅಪಟೈಟ್. ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸೈಡ್ ಸೇರಿದ ಹರಳು. ದೇಹದಲ್ಲೇ ಅತಿ ಗಟ್ಟಿ ವಸ್ತು. ಹಲ್ಲು ಅಂದರೆ ಕಲ್ಲಿನ ಹಾಗೆ ಸುಮ್ಮನೆ ಇರುತ್ತೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಅಲ್ಲಿ ಯಾವಾಗಲೂ ಒಂದು ಈಕ್ವಿಲಿಬ್ರಿಯಂ ನಡೆಯುತ್ತಿರುತ್ತೆ. ಹರಳಿಂದ ಸ್ವಲ್ಪ ಕ್ಯಾಲ್ಸಿಯಂ ಎಂಜಲಿಗೆ ಇಳಿಯುತ್ತೆ, ಎಂಜಲಿನ ಕ್ಯಾಲ್ಸಿಯಂ ವಾಪಸ್ ಹರಳಿಗೆ ಹತ್ತುತ್ತೆ. ಆಸಿಡ್ ಬಂದರೆ ಏನಾಗುತ್ತೆ? ಹೈಡ್ರೋಜನ್ ಅಯಾನುಗಳು ಹೈಡ್ರಾಕ್ಸೈಡನ್ನೂ ಫಾಸ್ಫೇಟನ್ನೂ ಹಿಡಿದುಕೊಂಡು ಹೋಗ್ತವೆ. ಪಿಯುಸಿಯ ಲೆ ಶಾಟೆಲಿಯೇ ನೆನಪಿಸಿಕೊಳ್ಳಿ. ಒಂದು ಕಡೆ ಖಾಲಿಯಾದರೆ ಸಮತೋಲ ಆ ಕಡೆಗೇ ಜಾರುತ್ತೆ, ಹರಳು ಕರಗುತ್ತೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಕರಗೋದು ಜಾಸ್ತಿ. ಅದಕ್ಕಿಂತ ಮೇಲೆ ಬಂದರೆ ಕಟ್ಟೋದು ಜಾಸ್ತಿ. ಅಂದರೆ ಹಲ್ಲು ಹುಳುಕಾಗೋದು ಒಂದು ದಿನ ನಡೆಯೋ ಅಪಘಾತ ಅಲ್ಲ, ಬ್ಯಾಂಕ್ ಅಕೌಂಟ್ ಖಾಲಿಯಾದ ಹಾಗೆ. ದಿನಾ ಹಾಕೋದಕ್ಕಿಂತ ತೆಗೆಯೋದು ಜಾಸ್ತಿಯಾದರೆ ಒಂದಿನ ಸೊನ್ನೆ.

ಹಾಗಾದರೆ 5.5ರ ಕೆಳಗೆ ಎಷ್ಟು ಹೊತ್ತು ಇರುತ್ತೆ? ನಂಗೆ ಇಡೀ ವಿಷಯ ಅರ್ಥವಾಗಿದ್ದು ಈ ಪ್ರಶ್ನೆಯಿಂದಲೇ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಜನರಿಗೆ ಗ್ಲೂಕೋಸ್ ನೀರಿನಲ್ಲಿ ಬಾಯಿ ಮುಕ್ಕಳಿಸೋಕೆ ಹೇಳಿ, ಹಲ್ಲಿನ ಪದರದ ಪಿಎಚ್ ಅಳೆದ. ಎಕ್ಸ್ ಆಕ್ಸಿಸ್‌ನಲ್ಲಿ ಟೈಮ್, ವೈ ಆಕ್ಸಿಸ್‌ನಲ್ಲಿ ಪಿಎಚ್. ಗ್ರಾಫ್ ಕೆಲವೇ ನಿಮಿಷಗಳಲ್ಲಿ ಬಾವಿಗೆ ಬಿದ್ದ ಹಾಗೆ ಕೆಳಗಿಳಿಯುತ್ತೆ, ಆಮೇಲೆ ಮೆಟ್ಟಿಲು ಹತ್ತಿದ ಹಾಗೆ ನಿಧಾನವಾಗಿ ಅರ್ಧ ಗಂಟೆ, ಒಂದು ಗಂಟೆ ತಗೊಂಡು ಮೇಲೆ ಬರುತ್ತೆ. ಮೇಲೆ ತರೋದು ಎಂಜಲು. ಅದರಲ್ಲಿ ಬೈಕಾರ್ಬೊನೇಟ್ ಬಫರ್ ಇದೆ, ಕ್ಯಾಲ್ಸಿಯಂ ಇದೆ, ಜೊತೆಗೆ ತೊಳೆಯೋ ಕೆಲಸವನ್ನೂ ಅದೇ ಮಾಡುತ್ತೆ. ಎಂಜಲು ಅಂದರೆ ಮುಖ ಸಿಂಡರಿಸ್ತೀವಿ, ಆದರೆ ಹಲ್ಲಿನ ಪಾಲಿಗೆ ಅದೇ ಮೇಂಟೆನೆನ್ಸ್ ಡಿಪಾರ್ಟ್‌ಮೆಂಟ್.

ಈಗ ನಮ್ಮ ಭಾಷೆಯಲ್ಲಿ ಹೇಳೋದಾದರೆ ಇದು ಡ್ಯೂಟಿ ಸೈಕಲ್. ಒಂದು ಸಲ ತಿಂದರೆ ಸುಮಾರು 40 ನಿಮಿಷ ಹಲ್ಲು ಡೇಂಜರ್ ಝೋನ್‌ನಲ್ಲಿ ಅಂತ ಇಟ್ಟುಕೊಳ್ಳಿ. ದಿನಕ್ಕೆ ಮೂರು ಊಟ ಅಂದರೆ ಎರಡು ಗಂಟೆ, 24ರಲ್ಲಿ 8 ಪರ್ಸೆಂಟ್. ಉಳಿದ 22 ಗಂಟೆ ರಿಪೇರಿ. ಆರಾಮ. ಈಗ ನಮ್ಮ ಪುಟ್ಟಿಯ ದಿನ ನೋಡಿ. ಮೂರು ಸಲ ಊಟ ಅಥವಾ ಬೆಲ್ಲ ಹಾಕಿದ ರಾಗಿ ಸರಿ, ಎರಡು ಸಲ ಸಕ್ಕರೆ ಹಾಲು, ಎರಡು ಸಲ ಹಾಲಿಗೆ ಅದ್ದಿದ ಬಿಸ್ಕೆಟ್, ಸಂಜೆ ಒಂದು ಸಲ ಪಕ್ಕದ ಮನೆ ಆಂಟಿ ಕೊಡೋ ಏನಾದರೂ ಒಂದು. ಎಂಟು ಸಲ, ಐದೂ ಕಾಲು ಗಂಟೆಗಿಂತ ಜಾಸ್ತಿ. 22 ಪರ್ಸೆಂಟ್. ಇಷ್ಟಾದರೂ ಹಲ್ಲು ಹೇಗೋ ತಾಳಿಕೊಳ್ಳುತ್ತಿತ್ತೇನೋ. ಆದರೆ ರಾತ್ರಿ ಬಾಟಲ್ ಇದೆಯಲ್ಲ.

ನಿದ್ದೆ ಬಂದ ಮೇಲೆ ಎಂಜಲು ಸುರಿಯೋದು ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ನುಂಗೋದೂ ಅಪರೂಪ. ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡೇ ಮಗು ಮಲಗಿದರೆ ಕೊನೆಯ ಗುಟುಕು ಸಕ್ಕರೆ ಹಾಲು ಮೇಲಿನ ಹಲ್ಲುಗಳ ಸುತ್ತ ಕೆರೆ ಥರ ನಿಲ್ಲುತ್ತೆ. ತೊಳೆಯೋರಿಲ್ಲ, ಬಫರ್ ಇಲ್ಲ. ಗ್ರಾಫ್ ಬಾವಿಗೆ ಬೀಳುತ್ತೆ, ಮೇಲೆ ಬರೋಕೆ ಮೆಟ್ಟಿಲೇ ಇಲ್ಲ. ನಡುರಾತ್ರಿ ಅತ್ತರೆ ಇನ್ನೊಂದು ಬಾಟಲ್. ಇದಕ್ಕೆ ಆರು ಗಂಟೆ ಸೇರಿಸಿದರೆ ಒಟ್ಟು 47 ಪರ್ಸೆಂಟ್. ಇದು ನನ್ನ ಒರಟು ಲೆಕ್ಕ, ಡಾಕ್ಟರ್ ಲೆಕ್ಕ ಅಲ್ಲ. ಆದರೆ ಅರ್ಧ ಆಯುಷ್ಯ ಆಸಿಡ್‌ನಲ್ಲಿ ಅದ್ದಿಟ್ಟ ಯಾವ ಮೆಟೀರಿಯಲ್ ಉಳಿಯುತ್ತೆ ಹೇಳಿ.

ಕೆಳಗಿನ ಮುಂದಿನ ಹಲ್ಲುಗಳು ಮಾತ್ರ ಕೊನೆಯವರೆಗೂ ಚೆನ್ನಾಗಿರುತ್ತವೆ. ಪುಟ್ಟಿಗೂ ಹಾಗೇ ಆಗಿತ್ತು, ಮೊದಲು ನಮಗೆ ಅದು ವಿಚಿತ್ರ ಅನಿಸಿತ್ತು. ಕಾರಣ ಸಿಂಪಲ್. ಚೀಪುವಾಗ ನಾಲಗೆ ಮುಂದೆ ಬಂದು ಕೆಳಗಿನ ಹಲ್ಲನ್ನು ಮುಚ್ಚಿಕೊಳ್ಳುತ್ತೆ, ಜೊತೆಗೆ ನಾಲಗೆಯ ಕೆಳಗೇ ಎಂಜಲಿನ ನಲ್ಲಿ ಇದೆ. ಮೇಲಿನ ನಾಲ್ಕು ಹಲ್ಲಿಗೆ ಈ ಎರಡೂ ಭಾಗ್ಯ ಇಲ್ಲ. ಅದಕ್ಕೇ ಮೇಲಿನ ಮುಂದಿನ ಹಲ್ಲು ಹಾಳಾಗಿ ಕೆಳಗಿನದು ಸರಿಯಾಗಿದ್ದರೆ ಡಾಕ್ಟರ್‌ಗಳು ಮೊದಲು ಕೇಳೋ ಪ್ರಶ್ನೆ, ರಾತ್ರಿ ಬಾಟಲ್ ಕೊಡ್ತೀರಾ?

ಆ ಬಾಟಲ್ ಕೊಟ್ಟವರಲ್ಲಿ ನಾನೂ ಒಬ್ಬ. ಸಿಇಟಿ ಬರೆದು ರಿಸಲ್ಟ್, ಕೌನ್ಸೆಲಿಂಗ್ ಅಂತ ಮೂರು ನಾಲ್ಕು ತಿಂಗಳು ಮನೆಯಲ್ಲಿ ಬಿದ್ದಿದ್ದೆ. ಅಕ್ಕ ಕೆಲಸಕ್ಕೆ ಹೋಗ್ತಾಳೆ, ಅವಳ ಮನೆ ಎರಡು ಬೀದಿ ಆಚೆ, ಹಗಲೆಲ್ಲ ಪುಟ್ಟಿ ನಮ್ಮನೇಲಿ. ಮಧ್ಯಾಹ್ನ ಮಲಗಿಸೋ ಡ್ಯೂಟಿ ನಂದು. ಸಕ್ಕರೆ ಇಲ್ಲದಿದ್ದರೆ ಹಾಲು ಕುಡಿಯೋಳಲ್ಲ. ಅಮ್ಮ ಒಂದು ಚಮಚ ಹಾಕು ಅಂದರೆ ನಾನು ಎರಡು ಹಾಕ್ತಿದ್ದೆ, ಬೇಗ ಮಲಗಲಿ, ನಾನು ಮ್ಯಾಚ್ ನೋಡಬಹುದು ಅಂತ. ಬಾಯಲ್ಲಿ ಬಾಟಲ್ ಇಟ್ಟು ಪಕ್ಕದಲ್ಲಿ ದಿಂಬು ಆನಿಸಿಬಿಟ್ಟರೆ ಐದು ನಿಮಿಷದಲ್ಲಿ ನಿದ್ದೆ. ಇದನ್ನು ಜಾಣತನ ಅಂತ ಅಕ್ಕನಿಗೆ ಹೇಳಿಕೊಂಡೂ ಇದ್ದೆ.

ಹಾಲೇ ವಿಷ ಅಂತ ಯಾರೂ ತಿಳಿಯಬೇಡಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್‌ನಿಂದ ಆಗೋ ಆಸಿಡ್ ಕಮ್ಮಿ, ಹಾಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಕೂಡ ಇದೆ. ಬಿಳಿ ಹಾಲು ಲೋಟದಲ್ಲಿ ಕುಡಿದರೆ ಏನೂ ತೊಂದರೆಯಿಲ್ಲ. ತೊಂದರೆ ಇರೋದು ಅದಕ್ಕೆ ನಾವು ಹಾಕೋ ಎರಡು ಚಮಚದಲ್ಲಿ, ಮತ್ತು ಅದನ್ನು ಬಾಯಲ್ಲಿಟ್ಟುಕೊಂಡು ಮಲಗೋದರಲ್ಲಿ. ಎದೆಹಾಲಿನ ಬಗ್ಗೆಯಂತೂ ಹುಷಾರಾಗಿ ಹೇಳಬೇಕು. ಆರು ತಿಂಗಳು ಬರೀ ಎದೆಹಾಲು, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಹಲ್ಲಿನ ಹೆಸರಲ್ಲಿ ಯಾರೂ ಅದನ್ನು ನಿಲ್ಲಿಸಬಾರದು. ಆದರೆ ವರ್ಷ ದಾಟಿ, ಹಲ್ಲು ಬಂದು, ಹಗಲಲ್ಲಿ ಸಕ್ಕರೆಯನ್ನೂ ತಿನ್ನೋ ಮಗು ರಾತ್ರಿಯಿಡೀ ಆಗಾಗ ಕುಡಿಯುತ್ತಿದ್ದರೆ ಹಲ್ಲು ಶುಚಿ ಮಾಡೋದರ ಕಡೆ ಹೆಚ್ಚು ಗಮನ ಬೇಕು, ಅಷ್ಟೇ.

ಎಷ್ಟು ಸಕ್ಕರೆ ಅನ್ನೋದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಅನ್ನೋದು ಮುಖ್ಯ ಅಂತ ತೋರಿಸಿದ ಒಂದು ದೊಡ್ಡ ಪ್ರಯೋಗ ಇದೆ. ಅದನ್ನು ಓದಿ ನಂಗೆ ಎರಡು ದಿನ ಸರಿ ಅನಿಸಲಿಲ್ಲ. ಸ್ವೀಡನ್‌ನ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, 1945ರಿಂದ ಕೆಲವು ವರ್ಷ, ಬುದ್ಧಿಮಾಂದ್ಯತೆಯ ನಾನೂರಕ್ಕೂ ಹೆಚ್ಚು ಜನರ ಮೇಲೆ ನಡೆದದ್ದು. ಕೆಲವರಿಗೆ ಊಟದ ಜೊತೆಗೇ ಸಕ್ಕರೆ ಕೊಟ್ಟರು, ಕೆಲವರಿಗೆ ಊಟದ ಮಧ್ಯೆ ಮಧ್ಯೆ ಹಲ್ಲಿಗೆ ಅಂಟೋ ಟಾಫಿ. ಊಟದ ಜೊತೆ ತಿಂದವರ ಹಲ್ಲು ಅಷ್ಟಾಗಿ ಕೆಡಲಿಲ್ಲ. ದಿನಕ್ಕೆ 24 ಟಾಫಿ ಮಧ್ಯೆ ಮಧ್ಯೆ ತಿಂದವರ ಹಲ್ಲು ಸರ್ವನಾಶ. ವಿಜ್ಞಾನಕ್ಕೆ ಉತ್ತರ ಸಿಕ್ಕಿತು, ಆದರೆ ಆ ಜನರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಬೇಡ ಅನ್ನೋ ಸ್ಥಿತಿಯಲ್ಲಿ ಅವರಿರಲಿಲ್ಲ. ಇವತ್ತು ಪ್ರತಿ ಡೆಂಟಲ್ ಪುಸ್ತಕದಲ್ಲಿರೋ ಒಂದು ಸಾಲು ಅವರ ಹಲ್ಲಿನಿಂದ ಬಂದದ್ದು. ಪ್ರಮಾಣಕ್ಕೆ ಬೆಲೆಯೇ ಇಲ್ಲ ಅಂತ ಇದರ ಅರ್ಥ ಅಲ್ಲ. ಎರಡು ವರ್ಷದವರೆಗೆ ಮಗುವಿನ ಆಹಾರಕ್ಕೆ ಸಕ್ಕರೆ ಸೇರಿಸದೇ ಇರೋದೇ ಒಳ್ಳೇದು. (ಅಂದಹಾಗೆ ಸಬ್ಮಿಷನ್ ರಾತ್ರಿ ಒಂದು ಕೋಲಾ ಬಾಟಲ್ ಇಟ್ಟುಕೊಂಡು ಹತ್ತರಿಂದ ಎರಡರವರೆಗೆ ಗುಟುಕು ಗುಟುಕಾಗಿ ಕುಡಿಯೋ ನನ್ನ ರೂಮ್‌ಮೇಟ್, ನೀನು ಯಾವ ಗ್ರೂಪ್ ಅಂತ ಗೊತ್ತಾಯ್ತಲ್ಲ?)

ಈಗ ಆ ಬಿಳಿ ಗೆರೆಗೆ ಬರೋಣ. ಆಸಿಡ್ ಎನಾಮಲ್‌ನ ಮೇಲ್ಮೈ ಒಡೆಯೋಕೆ ಮುಂಚೆ ಅದರ ಕೆಳಗಿನ ಖನಿಜವನ್ನು ಕದಿಯುತ್ತೆ. ಮೇಲೆ ತೆಳು ಪದರ ಗಟ್ಟಿಯಾಗಿಯೇ ಇರುತ್ತೆ, ಒಳಗೆ ಸಣ್ಣ ಸಣ್ಣ ತೂತು. ಎನಾಮಲ್‌ನ ರಿಫ್ರಾಕ್ಟಿವ್ ಇಂಡೆಕ್ಸ್ 1.62, ನೀರಿನದು 1.33, ಗಾಳಿಯದು 1. ತೂತಿನಲ್ಲಿ ನೀರಿದ್ದಾಗ ವ್ಯತ್ಯಾಸ ಕಮ್ಮಿ, ಬೆಳಕು ಅಷ್ಟಾಗಿ ಚದುರಲ್ಲ. ಒಣಗಿ ಗಾಳಿ ತುಂಬಿದರೆ ವ್ಯತ್ಯಾಸ ಜಾಸ್ತಿ, ಬೆಳಕು ಚದುರಿ ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತೆ. ಡೆಂಟಲ್ ಕಾಲೇಜಿನಲ್ಲಿ ಪುಟ್ಟಿ ಹಲ್ಲಿಗೆ ಮೊದಲು ಉಫ್ ಅಂತ ಗಾಳಿ ಬಿಟ್ಟು ಯಾಕೆ ನೋಡಿದರು ಅಂತ ನಂಗೆ ಆಮೇಲೆ ಅರ್ಥವಾಯಿತು. ಫಿಸಿಕ್ಸ್ ಲ್ಯಾಬ್‌ನಲ್ಲಿ ಇಂಥದ್ದನ್ನು ಯಾಕೆ ತೋರಿಸಲ್ಲವೋ.

ಮುಖ್ಯ ವಿಷಯ ಏನಂದರೆ ಈ ಹಂತದಲ್ಲಿ ಇನ್ನೂ ಗುಂಡಿ ಬಿದ್ದಿಲ್ಲ. ಈಕ್ವಿಲಿಬ್ರಿಯಂ ರಿವರ್ಸಿಬಲ್. ಬಾಟಲ್ ನಿಲ್ಲಿಸಿ, ಫ್ಲೋರೈಡ್ ಕೊಟ್ಟರೆ ಎಂಜಲಿನ ಕ್ಯಾಲ್ಸಿಯಂ ವಾಪಸ್ ಹೋಗಿ ಕೂರಬಹುದು. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ. ಮೇಲ್ಮೈ ಕುಸಿದು ಗುಂಡಿ ಬಿತ್ತೋ, ಅಲ್ಲಿಗೆ ರಿವರ್ಸ್ ಗೇರ್ ಮುಗೀತು. ದೊಡ್ಡವರಲ್ಲಿ ಬಿಳಿ ಗೆರೆಯಿಂದ ಗುಂಡಿಗೆ ಹೋಗೋಕೆ ವರ್ಷಗಳೇ ಹಿಡಿಯಬಹುದು. ಮಕ್ಕಳ ಹಾಲುಹಲ್ಲಿನ ಎನಾಮಲ್ ನಮ್ಮದರ ಅರ್ಧದಷ್ಟೇ ದಪ್ಪ, ಒಳಗಿನ ನರ ಹತ್ತಿರ. ಅಲ್ಲಿ ತಿಂಗಳುಗಳಲ್ಲಿ ಮುಗಿದು ಹೋಗುತ್ತೆ.

ಪುಟ್ಟಿಗೂ ಹಾಗೇ. ಯುಗಾದಿ ಹೊತ್ತಿಗೆ ಗೆರೆ ತಿಳಿ ಕಂದು ಬಣ್ಣಕ್ಕೆ ತಿರುಗಿತ್ತು. ಈ ಸಲ ಅಕ್ಕ ನೋಡಿದಳು, ಒಂದು ಕ್ಲಿನಿಕ್‌ಗೂ ಕರೆದುಕೊಂಡು ಹೋದಳು. ಅಲ್ಲಿ ಎರಡು ನಿಮಿಷ ನೋಡಿ, "ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ" ಅಂದು ಕಳಿಸಿದರು. ಅಮ್ಮನೂ ಅದನ್ನೇ ಹೇಳಿದ್ದರು, ಅಜ್ಜಿಯೂ. ಎಲ್ಲರಿಗೂ ಸಮಾಧಾನ ಆಯ್ತು, ಬಾಟಲ್ ಮುಂದುವರಿಯಿತು. ಬಾಟಲ್ ವಿಷಯ ಆ ಕ್ಲಿನಿಕ್‌ನಲ್ಲಿ ಯಾರೂ ಕೇಳಲೇ ಇಲ್ಲ ಅನ್ನೋ ಸಿಟ್ಟು ನಂಗೆ ಈಗಲೂ ಇದೆ.

ಬಿದ್ದು ಹೋಗುತ್ತೆ, ನಿಜ. ಯಾವಾಗ ಅನ್ನೋದೇ ಪ್ರಶ್ನೆ. ಮುಂದಿನ ಹಲ್ಲು ಆರು ಏಳು ವರ್ಷಕ್ಕೆ. ಹಿಂದಿನ ದವಡೆ ಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕು. ಎರಡು ವರ್ಷದ ಮಗುವಿಗೆ ಹತ್ತು ವರ್ಷ ಕಾಯಿ ಅಂತ ಹೇಳಿದ ಹಾಗಾಯ್ತು. ಅಷ್ಟರಲ್ಲಿ ಮಗು ಅಗಿಯಬೇಕು, ಮಾತು ಕಲಿಯಬೇಕು, ನೋವಿಲ್ಲದೆ ಮಲಗಬೇಕು. ದವಡೆಯ ಹಾಲುಹಲ್ಲು ಬೇಗ ಹೋದರೆ ಪಕ್ಕದ ಹಲ್ಲುಗಳು ಜರುಗಿ ಕೆಳಗಿಂದ ಬರೋ ಹಲ್ಲಿಗೆ ಜಾಗವೇ ಇರಲ್ಲ, ಬಸ್ಸಲ್ಲಿ ಟವೆಲ್ ಹಾಕಿಟ್ಟ ಸೀಟಿಂದ ಟವೆಲ್ ತೆಗೆದ ಹಾಗೆ. ಬೇರಿನ ಸೋಂಕು ಕೆಳಗೆ ಬೆಳೆಯುತ್ತಿರೋ ಶಾಶ್ವತ ಹಲ್ಲಿನ ಎನಾಮಲ್‌ಗೂ ಪೆಟ್ಟು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜು ಪ್ರಕಾರ ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳಿಗೆ ಹಾಲುಹಲ್ಲಿನ ಹುಳುಕಿದೆ. ಅಷ್ಟೂ ಮನೆಗಳಲ್ಲಿ ಇದೇ ಮಾತು ಹೇಳಿಕೊಂಡಿರ್ತಾರೆ ಅಂತ ನನ್ನ ಅನುಮಾನ.

ಈ ಜನವರಿ, ನನ್ನ ಥರ್ಡ್ ಸೆಮ್ ಎಕ್ಸಾಮ್ ಮುಗಿದ ಮಾರನೇ ದಿನ ಅಕ್ಕ ಫೋನ್ ಮಾಡಿದಳು. "ಎರಡು ದಿನದಿಂದ ಏನೂ ತಿಂತಿಲ್ಲ ಕಣೋ, ಮೇಲ್ತುಟಿ ಊದಿದೆ." ವಸಡಿನ ಮೇಲೆ ಕೀವಿನ ಗುಳ್ಳೆ. ಈ ಸಲ ಡೆಂಟಲ್ ಕಾಲೇಜಿಗೆ ಹೋದೆವು. ಅಲ್ಲಿನ ಮಕ್ಕಳ ದಂತವೈದ್ಯರು ಅರ್ಧ ಗಂಟೆ ಕೂರಿಸಿ ಮಾತಾಡಿದರು. ನಡುವಿನ ಎರಡು ಹಲ್ಲು ಉಳಿಯೋ ಹಾಗಿಲ್ಲ, ತೆಗೀಬೇಕು. ಎರಡೂವರೆ ವರ್ಷದ ಮಗು ಕುರ್ಚಿಯಲ್ಲಿ ಕೂತು ತೆಗೆಸಿಕೊಳ್ಳೋ ಮಾತೇ ಇಲ್ಲ, ಹಾಗಾಗಿ ಜನರಲ್ ಅನಸ್ತೇಶಿಯಾ. ಅಕ್ಕಪಕ್ಕದ ಎರಡಕ್ಕೆ ಸಿಲ್ವರ್ ಡಯಮೈನ್ ಫ್ಲೋರೈಡ್ ಅನ್ನೋ ಔಷಧಿ. ಬ್ರಷ್‌ನಲ್ಲಿ ಒಂದು ಹನಿ ಹಚ್ಚೋದಷ್ಟೇ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತೆ, ಫ್ಲೋರೈಡ್ ಉಳಿದ ಹಲ್ಲನ್ನು ಗಟ್ಟಿ ಮಾಡುತ್ತೆ. ಆದರೆ ಹುಳುಕಿನ ಜಾಗ ಕಪ್ಪಾಗುತ್ತೆ, ಆ ಕಪ್ಪು ಹೋಗಲ್ಲ. "ಹೆಣ್ಣುಮಗು, ಕಪ್ಪು ಹಲ್ಲಾ" ಅಂತ ಭಾವನ ಮನೆಯವರಿಂದ ಫೋನ್ ಬಂತು. ಅಕ್ಕ ಜಾಸ್ತಿ ಮಾತಾಡಲಿಲ್ಲ, "ಕಪ್ಪಿದ್ರೂ ಹಲ್ಲಿರುತ್ತಲ್ಲ" ಅಂದಳು ಅಷ್ಟೇ. ಥಿಯೇಟರ್ ಬಾಗಿಲಲ್ಲಿ ಪುಟ್ಟಿಯನ್ನು ನರ್ಸ್ ಕೈಗೆ ಕೊಡುವಾಗ ಭಾವ ಆಚೆ ತಿರುಗಿ ನಿಂತುಬಿಟ್ಟರು. ಎಲ್ಲರಿಗಿಂತ ಜೋರಾಗಿ ಅತ್ತವನು ಯಾರು ಅಂತ ಇಲ್ಲಿ ಬರೆಯೋದು ಬೇಡ.

ಆ ಅರ್ಧ ಗಂಟೆಯಲ್ಲಿ ಆ ಡಾಕ್ಟರ್ ಹೇಳಿದ್ದನ್ನೂ, ಆಮೇಲೆ ನಾನು ಓದಿದ್ದನ್ನೂ ಸೇರಿಸಿ ಹೇಳ್ತೀನಿ. ಮೊದಲ ಹಲ್ಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ಬರುತ್ತೆ, ಶುಚಿ ಮಾಡೋ ಕೆಲಸ ಅವತ್ತೇ ಶುರು. ಹಾಲು ಕುಡಿದ ಮೇಲೆ ಮಲಗಿಸಬೇಕೇ ಹೊರತು ಕುಡಿಯುತ್ತಾ ಮಲಗಿಸಬಾರದು. ರಾತ್ರಿ ಬಾಟಲ್ ಬೇಕೇ ಬೇಕು ಅಂತ ಹಠ ಮಾಡಿದರೆ ಅದರಲ್ಲಿ ನೀರು ಮಾತ್ರ. ಒಂದೇ ದಿನ ನಿಲ್ಲಿಸೋಕೆ ಆಗದಿದ್ದರೆ ದಿನದಿಂದ ದಿನಕ್ಕೆ ಹಾಲಿಗೆ ನೀರು ಬೆರೆಸುತ್ತಾ ಹೋಗಬಹುದು. ವರ್ಷ ತುಂಬಿದ ಮೇಲೆ ಬಾಟಲ್ ಬಿಡಿಸಿ ಲೋಟ ಅಭ್ಯಾಸ ಮಾಡಿಸಬೇಕು. ನಮ್ಮ ಅಜ್ಜಿ ಹತ್ತಿರ ಇನ್ನೂ ಒಂದು ಬೆಳ್ಳಿ ಒಳಲೆ ಇದೆ, ಅಮ್ಮನಿಗೂ ಅಕ್ಕನಿಗೂ ಹಾಲು ಕುಡಿಸಿದ್ದು. ಒಳಲೆಯಲ್ಲಿ ಕುಡಿಸೋಕೆ ದೊಡ್ಡವರೊಬ್ಬರು ಕೂತಿರಲೇಬೇಕು, ಮುಗಿದ ಮೇಲೆ ಎತ್ತಿಡಲೇಬೇಕು. ಬಾಯಲ್ಲಿಟ್ಟುಕೊಂಡು ಮಲಗೋಕೆ ಸಾಧ್ಯವೇ ಇಲ್ಲದ ಡಿಸೈನ್. ಹಳೇದೆಲ್ಲ ಒಳ್ಳೇದು ಅಂತ ನಾನು ಹೇಳಲ್ಲ. ನಿಪ್ಪಲ್‌ಗೆ ಜೇನು ಸವರಿ ಬಾಯಿಗಿಡೋದೂ ಹಳೇ ಅಭ್ಯಾಸವೇ, ಅದು ಹಲ್ಲಿಗೂ ಕೆಟ್ಟದ್ದು, ಒಂದು ವರ್ಷದ ಒಳಗಿನ ಮಗುವಿಗಂತೂ ಜೇನೇ ಅಪಾಯ. ಬೆಲ್ಲ ಆರೋಗ್ಯ ಅಂತ ರಾಗಿ ಸರಿಗೆ ಧಾರಾಳ ಹಾಕ್ತೀವಿ, ಬ್ಯಾಕ್ಟೀರಿಯಾಗೆ ಬೆಲ್ಲವೂ ಸುಕ್ರೋಸೇ. ಜ್ವರದ ಸಿರಪ್‌ಗಳಲ್ಲೂ ಎಷ್ಟೋ ಸಲ ಸಕ್ಕರೆ ಇರುತ್ತೆ, ರಾತ್ರಿ ಕೊಟ್ಟರೆ ಬಾಯಿ ಒರೆಸಬೇಕು. ಇನ್ನೊಂದು ವಿಷಯ ಮನೆಯಲ್ಲಿ ಹೇಳೋಕೆ ನಂಗೆ ಸಂಕೋಚ ಆಯ್ತು. ನಾವು ಬಾಯಿಗಿಟ್ಟು ರುಚಿ ನೋಡಿದ ಚಮಚವನ್ನೇ ಮಗುವಿಗೆ ಇಡ್ತೀವಲ್ಲ, ನಮ್ಮ ಬಾಯಿಯ ಮ್ಯೂಟನ್ಸ್ ಅದಕ್ಕೆ ಹೋಗೋ ದಾರಿ ಅದೇ. ಅಂದರೆ ದೊಡ್ಡವರು ತಮ್ಮ ಹುಳುಕುಹಲ್ಲು ಸರಿ ಮಾಡಿಸಿಕೊಳ್ಳೋದೂ ಮಗುವಿನ ಹಲ್ಲಿಗೇ ಒಳ್ಳೇದು.

ಪೇಸ್ಟ್ ವಿಷಯದಲ್ಲಿ ನಮ್ಮ ಕಡೆ ದೊಡ್ಡ ಭಯ ಇದೆ. ತುಮಕೂರಿನವನಾಗಿ ನಂಗೆ ಅದು ಅರ್ಥ ಆಗುತ್ತೆ. ಪಾವಗಡ ಕಡೆ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಹಲ್ಲು ಕಂದಾಗಿರೋ ಜನರನ್ನು, ಮೂಳೆ ಬಗ್ಗಿಹೋದವರನ್ನು ನೋಡಿರೋರಿಗೆ ಫ್ಲೋರೈಡ್ ಅಂದರೆ ವಿಷವೇ. ಆದರೆ ಲೆಕ್ಕ ಹಾಕಿ. ಕುಡಿಯೋ ನೀರಿನಲ್ಲಿ ನಮ್ಮ ದೇಶದ ಮಿತಿ ಲೀಟರ್‌ಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಅಲ್ಲಿನ ಎಷ್ಟೋ ಬೋರ್‌ವೆಲ್‌ಗಳು ಇದನ್ನೂ ದಾಟಿವೆ, ಅದನ್ನು ದಿನಾ ಲೀಟರ್‌ಗಟ್ಟಲೆ ಕುಡೀತಾರೆ. ನಮ್ಮಲ್ಲಿ ಟೂತ್‌ಪೇಸ್ಟ್‌ಗೆ ಗರಿಷ್ಠ ಮಿತಿ 1000 ಪಿಪಿಎಂ. ಮೂರು ವರ್ಷದ ಒಳಗಿನ ಮಗುವಿಗೆ ಹಚ್ಚಬೇಕಾದದ್ದು ಒಂದು ಅಕ್ಕಿ ಕಾಳಿನಷ್ಟು, ಸುಮಾರು 0.1 ಗ್ರಾಂ. ಪೂರ್ತಿ ನುಂಗಿದರೂ 0.1 ಮಿಲಿಗ್ರಾಂ ಫ್ಲೋರೈಡ್. ದಿನಕ್ಕೆ ಎರಡು ಸಲ ಅಂದರೆ 0.2. ಅದು ಹಲ್ಲಿಗೆ ಮಾಡೋದೇನು? ಹರಳಿನಲ್ಲಿ ಹೈಡ್ರಾಕ್ಸೈಡ್ ಕೂತಿದ್ದ ಜಾಗದಲ್ಲಿ ಫ್ಲೋರೈಡ್ ಬಂದು ಕೂರುತ್ತೆ, ಆಗ ಕರಗೋ ಗಡಿ 5.5ರಿಂದ 4.5ರ ಹತ್ತಿರಕ್ಕೆ ಇಳಿಯುತ್ತೆ. ಪಿಎಚ್ ಲಾಗ್ ಸ್ಕೇಲ್, ಒಂದು ಪಾಯಿಂಟ್ ಅಂದರೆ ಹತ್ತು ಪಟ್ಟು ಆಸಿಡ್. ಟಿವಿ ಜಾಹೀರಾತಿನಲ್ಲಿ ಬ್ರಷ್ ತುಂಬ ಅಲೆ ಅಲೆಯಾಗಿ ಹಾಕ್ತಾರಲ್ಲ, ಅದನ್ನು ಮಾತ್ರ ಮಗುವಿಗೆ ಮಾಡಬೇಡಿ. ಮೂರರಿಂದ ಆರು ವರ್ಷಕ್ಕೆ ಬಟಾಣಿಯಷ್ಟು ಸಾಕು. ಮಕ್ಕಳ ಪೇಸ್ಟ್ ಅಂತ ಕಾರ್ಟೂನ್ ಹಾಕಿರೋ ಕೆಲವದರಲ್ಲಿ ಫ್ಲೋರೈಡ್ ಇರೋದೇ ಇಲ್ಲ, ಹಿಂದೆ ಎಷ್ಟು ಪಿಪಿಎಂ ಅಂತ ಓದಿ. ನಿಮ್ಮೂರಿನ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇದ್ದರೆ ಮಾತ್ರ ಪೇಸ್ಟ್ ಯಾವುದು, ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ತೀರ್ಮಾನ ಮಾಡಿ.

ಬ್ರಷ್ ಮಾಡೋದು ದೊಡ್ಡವರ ಕೆಲಸ, ಏಳೆಂಟು ವರ್ಷದವರೆಗೂ. ಮಗು ಕೈಗೆ ಬ್ರಷ್ ಕೊಟ್ಟರೆ ಅದು ಅಗಿಯುತ್ತೆ ಅಷ್ಟೇ. ಸುಲಭದ ದಾರಿ ಅಂದರೆ ಮಗುವಿನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು, ಮೇಲ್ತುಟಿಯನ್ನು ಬೆರಳಲ್ಲಿ ಎತ್ತಿ ಉಜ್ಜೋದು. ಆ ತುಟಿ ಎತ್ತೋದೇ ಅರ್ಧ ಕೆಲಸ. ತಿಂಗಳಿಗೊಮ್ಮೆ ಬೆಳಕಿನಲ್ಲಿ ತುಟಿ ಎತ್ತಿ, ಬಟ್ಟೆಯಲ್ಲಿ ಒರೆಸಿ ಒಣಗಿಸಿ, ವಸಡಿನ ಅಂಚು ನೋಡಿ. ಬಿಳಿ ಗೆರೆ ಕಂಡರೆ ಅವತ್ತೇ ಡಾಕ್ಟರ್ ಹತ್ತಿರ. ಫ್ಲೋರೈಡ್ ವಾರ್ನಿಶ್ ಅಂತ ಇದೆ, ನಿಮಿಷಗಳಲ್ಲಿ ಬಳಿದು ಕಳಿಸ್ತಾರೆ. ಏನೂ ಕಾಣದಿದ್ದರೂ ಮೊದಲ ಹುಟ್ಟುಹಬ್ಬದ ಒಳಗೆ ಒಂದು ಸಲ ತೋರಿಸಬೇಕಂತೆ. ನಮ್ಮಲ್ಲಿ ಕೇಕ್, ಹಾಲ್, ಫೋಟೋಗ್ರಾಫರ್ ಎಲ್ಲ ಬುಕ್ ಆಗಿತ್ತು, ಇದೊಂದು ಬಿಟ್ಟು.

ಅಕ್ಕ ಒಂದು ದಿನ ಕೇಳಿದಳು, "ನಾನು ಕೆಲಸಕ್ಕೆ ಹೋಗಿದ್ದಕ್ಕೇ ಹೀಗಾಯ್ತೇನೋ?" ಆಸ್ಪತ್ರೆಯಲ್ಲಿ ಬಂದು ಹೋದವರೆಲ್ಲ ಸುತ್ತಿ ಬಳಸಿ ಅವಳಿಗೆ ಅದನ್ನೇ ಹೇಳಿದ್ದರು. ಎರಡನೇ ಚಮಚ ಹಾಕಿದ್ದು ನಾನು ಅಂತ ಆಗಲೇ ಅವಳಿಗೆ ಹೇಳಿದ್ದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ರಾತ್ರಿ ಎರಡೇ ಹಾಕ್ತಿದ್ದೆ ಬಿಡೋ" ಅಂದಳು.

ಈಗ ಪ್ರತಿ ಭಾನುವಾರ ಹಾಸ್ಟೆಲ್‌ಗೆ ವೀಡಿಯೋ ಕಾಲ್ ಬರುತ್ತೆ. ಕೇಳೋಕೆ ಮುಂಚೆಯೇ ಪುಟ್ಟಿ ಎರಡೂ ಕೈಯಲ್ಲಿ ಮೇಲ್ತುಟಿ ಎತ್ತಿ ಕ್ಯಾಮೆರಾಗೆ ಮೂಗು ಒತ್ತುತ್ತಾಳೆ. ನಡುವೆ ಖಾಲಿ, ಆ ಕಡೆ ಒಂದು ಕಪ್ಪು, ಈ ಕಡೆ ಒಂದು ಕಪ್ಪು, ಹಿಂದೆ ಈಗಷ್ಟೇ ಬಂದಿರೋ ದವಡೆ ಹಲ್ಲುಗಳು. ನಾನು ಸ್ಕ್ರೀನ್‌ಶಾಟ್ ತೆಗೆದು, ಜೂಮ್ ಮಾಡಿ, ದವಡೆ ಹಲ್ಲಿನ ಅಂಚು ನೋಡ್ತೀನಿ. ಹೋದ ವಾರದವರೆಗೆ ಗೆರೆ ಇಲ್ಲ.